ಸಾಮಿಲ್ಲಿನ ಕಂಪೌಂಡಿನಲ್ಲಿ ಏನು ಕಟ್ಟಬೇಕು ಎಂದು ಕೇಳುವ ಮೊದಲು

ಬಸ್ ನಿಲ್ದಾಣದಿಂದ ಹೊಳೆ ಕಡೆ ಐದು ನಿಮಿಷ ನಡೆದರೆ ನಮ್ಮ ಪೇಟೆಯ ಹಳೆಯ ಸಾಮಿಲ್ಲಿನ ಕಂಪೌಂಡು ಸಿಗುತ್ತದೆ. ಚಿರೇಕಲ್ಲಿನ ಗೋಡೆ, ತುಕ್ಕು ತಿಂದ ಗೇಟು, ಒಳಗೆ ಹಂಚು ಜಾರಿದ ಎರಡು ದೊಡ್ಡ ಶೆಡ್ಡು. ದಿಮ್ಮಿ ಎಳೆಯುತ್ತಿದ್ದ ಟ್ರಾಲಿಯ ಹಳಿಗಳು ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿವೆ. ಜಾಗದ ತಕರಾರು ಇನ್ನೂ ಕೋರ್ಟಿನಲ್ಲಿದೆ, ಹಾಗಾಗಿ ಊರಿನ ಹೆಸರು ಬರೆಯುತ್ತಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಗುಂಟ ಬದುಕುವವರಿಗೆ ತಮ್ಮ ಪೇಟೆಯಲ್ಲೂ ಇಂಥದೊಂದು ಜಾಗ ನೆನಪಾದೀತು. ಸಾಮಿಲ್ಲಲ್ಲದಿದ್ದರೆ ಹಂಚಿನ ಕಾರ್ಖಾನೆ, ಅದಲ್ಲದಿದ್ದರೆ ಮುಚ್ಚಿದ ಐಸ್ ಫ್ಯಾಕ್ಟರಿ, ಇಲ್ಲವೇ ಅದಿರು ರಾಶಿ ಹಾಕಿ ಬಿಟ್ಟ ಬಯಲು.

ಈ ಕಂಪೌಂಡಿನ ಬಗ್ಗೆ ನಾಲ್ಕು ಜನ ಸೇರಿದಲ್ಲೆಲ್ಲ ಒಂದೇ ಚರ್ಚೆ: ಇಲ್ಲಿ ಏನು ಬರಬೇಕು? ಒಬ್ಬರಿಗೆ ಶಾಪಿಂಗ್ ಕಾಂಪ್ಲೆಕ್ಸ್ ಬೇಕು, ಇನ್ನೊಬ್ಬರಿಗೆ ಹೊಳೆ ನೋಡುವ ರೆಸಾರ್ಟ್, ಮತ್ತೊಬ್ಬರಿಗೆ ಆಸ್ಪತ್ರೆ. ನನ್ನ ತಕರಾರು ಈ ಪ್ರಶ್ನೆಯ ಬಗ್ಗೆಯೇ. ಈ ನೆಲ ಯಾರದ್ದು, ಇದರ ಮಣ್ಣಿನಲ್ಲಿ ಏನಿದೆ, ಮಳೆಗಾಲದಲ್ಲಿ ಇಲ್ಲಿ ನಿಲ್ಲುವ ನೀರು ಮುಂದೆ ಎಲ್ಲಿಗೆ ಹೋಗಬೇಕು ಎಂಬ ಮೂರು ವಿಷಯ ತೀರ್ಮಾನವಾಗದೆ ನಕ್ಷೆ ಬರೆಯಲು ಕುಳಿತರೆ, ಏನೇ ಕಟ್ಟಿದರೂ ಅದರ ಪೆಟ್ಟು ಸುತ್ತಲಿನ ಕೇರಿಯವರಿಗೆ ಬೀಳುತ್ತದೆ.

ಇಂಥ ಜಾಗಗಳು ಖಾಲಿ ಬಿದ್ದದ್ದು ಯಾಕೆ ಎಂದು ಮೊದಲು ನೋಡಬೇಕು. ನಮ್ಮ ಜಿಲ್ಲೆಯ ಕೈಗಾರಿಕೆಯ ಚರಿತ್ರೆ ಬಹುಪಾಲು ಕಾಡಿನ ಚರಿತ್ರೆಯೇ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಘಟ್ಟದ ಸಾಗವಾನಿ, ಮತ್ತಿ, ಹೊನ್ನೆ ಕೆಳಗಿಳಿದು ಬಂದು ಕರಾವಳಿಯಿಂದ ಹೊರಗೆ ಹೋಗುತ್ತಿತ್ತು. ನಾಟಾ ಕೊಯ್ಯಲು ಸಾಮಿಲ್ಲು ಬಂತು, ದಾಂಡೇಲಿಯಲ್ಲಿ ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆ ಬಂದವು. ಕರಾವಳಿಯ ಹಂಚಿನ ಭಟ್ಟಿಗಳು ಉರಿದದ್ದೂ ಸೌದೆಯಿಂದಲೇ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ತಬ್ಬಿ ನಿಂತು ಅಪ್ಪಿಕೋ ಚಳವಳಿ ಶುರುಮಾಡಿದರು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ದೇಶದಾದ್ಯಂತ ಸಾಮಿಲ್ಲು ಮತ್ತು ಪ್ಲೈವುಡ್ ಘಟಕಗಳ ಮೇಲೆ ಬಿಗಿ ಹಿಡಿತ ಬಿತ್ತು. ಕಾಡು ಉಳಿಯಲು ಇದೆಲ್ಲ ಬೇಕಿತ್ತು, ಆ ಮಾತಿನಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ. ಆದರೆ ಗರಗಸ ನಿಂತ ಮೇಲೆ ಅದು ನಿಂತಿದ್ದ ನೆಲದ ಗತಿ ಏನು ಎಂದು ಆಗ ಯಾರೂ ಕೇಳಲಿಲ್ಲ.

ಹಂಚಿನದು ಬೇರೆ ದಾರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದ ನಂತರ ಮಂಗಳೂರು ಹಂಚು ಇಡೀ ಕರಾವಳಿಯ ಮನೆಗಳ ಸೂರಾಯಿತು. ಮನೆಗಳು ಸ್ಲ್ಯಾಬಿಗೆ ತಿರುಗಿದಾಗ, ಆವೆಮಣ್ಣು ಮತ್ತು ಸೌದೆ ತುಟ್ಟಿಯಾದಾಗ ಭಟ್ಟಿಗಳು ಒಂದೊಂದಾಗಿ ತಣ್ಣಗಾದವು. ಅದಿರಿನದು ಇನ್ನೂ ಹತ್ತಿರದ ಕಥೆ. ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ ರಾಶಿ ಬಿದ್ದಿದ್ದ ಕಬ್ಬಿಣದ ಅದಿರು, ಜಪ್ತಿಯಾದ ಮೇಲೂ ಅದು ಮಾಯವಾದ ರೀತಿ, 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಹಾಕಿದ ರಫ್ತು ನಿಷೇಧ, 2011ರ ಲೋಕಾಯುಕ್ತ ವರದಿ ಎಲ್ಲವೂ ನಾಡಿಗೇ ಗೊತ್ತು. ಇಷ್ಟಾದರೂ, ದಂಡೆಯ ಮೇಲಿನ ಯೋಜನೆ ಎಂದ ಕೂಡಲೇ ಸರ್ಕಾರದ ಕಣ್ಣು ಹೋಗುವುದು ಹೊಸ ದಂಡೆಯ ಕಡೆಗೆ. ಅದೇ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಹೊಸ ಬಂದರಿನ ಯೋಜನೆ ಬಂದಿದೆ, ದೋಣಿ ಎಳೆದು ಬಲೆ ಒಣಗಿಸುವ ಮೀನುಗಾರರು ಬೀದಿಗಿಳಿದಿದ್ದಾರೆ. ಒಮ್ಮೆ ಬಳಸಿದ ನೆಲವನ್ನು ಸರಿಮಾಡಿ ಮತ್ತೆ ಬಳಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಆ ರೂಢಿ ನಮಗೆ ಬೇರೆಲ್ಲರಿಗಿಂತ ಹೆಚ್ಚು ಬೇಕು. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್, ಅದರಲ್ಲಿ ಶೇ 80ರಷ್ಟು ಕಾಡು. ಉಳಿದದ್ದರಲ್ಲೇ ಗದ್ದೆ, ತೋಟ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಊರು, ಪೇಟೆ ಎಲ್ಲವೂ ಆಗಬೇಕು. ಅದರಲ್ಲೂ ಕಾಳಿ ಹೊಳೆಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆ, ಸೀಬರ್ಡ್ ನೌಕಾನೆಲೆ, ನಾಲ್ಕು ಪಥದ ಹೆದ್ದಾರಿ ತಮ್ಮ ಪಾಲು ತೆಗೆದುಕೊಂಡಿವೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಉಳಿದ ಪಟ್ಟಿಯಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಬೆಳೆಯಬೇಕು. ಬೆಳೆಯಲು ಜಾಗ ಸಾಲದಾದಾಗ ಗುಡ್ಡ ಕಡಿಯುತ್ತೇವೆ, ಇಲ್ಲವೇ ಗದ್ದೆಗೆ ಮಣ್ಣು ಹಾಕುತ್ತೇವೆ. ಕಡಿದ ಗುಡ್ಡ ಏನು ಮಾಡುತ್ತದೆ ಎನ್ನುವುದನ್ನು 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಂಡೆವು. ಗಂಗಾವಳಿ ಹೊಳೆಯಲ್ಲಿ ವಾರಗಟ್ಟಲೆ ನಡೆದ ಹುಡುಕಾಟ ಮರೆಯುವಂಥದ್ದಲ್ಲ. ಪೇಟೆಯ ನಡುವೆ ರಸ್ತೆ, ಕರೆಂಟು, ನಲ್ಲಿ ಎಲ್ಲ ಇರುವ ಐದು ಎಕರೆ ಬೀಗ ಹಾಕಿಕೊಂಡು ಬಿದ್ದಿದ್ದರೆ, ಪೇಟೆಯ ಹೊರಗೆ ಇನ್ನೆಲ್ಲೋ ಒಂದು ಗುಡ್ಡದ ಬುಡಕ್ಕೆ ಜೆಸಿಬಿ ಹೋಗುತ್ತದೆ. ಹಾಗಾಗಿ ಈ ಜಾಗಗಳು ಹೀಗೇ ಬಿದ್ದಿರಲಿ ಎಂದು ಹೇಳುವವನಲ್ಲ ನಾನು. ಇವು ಬಳಕೆಗೆ ಬರಲೇಬೇಕು.

ಆದರೆ ಮಣ್ಣು?

ನಮ್ಮ ಸಾಮಿಲ್ಲಿನ ಹಿಂಬದಿಯಲ್ಲಿ ಒಂದು ಉದ್ದನೆಯ ಸಿಮೆಂಟಿನ ತೊಟ್ಟಿ ಇದೆ. ಊರವರು ಅದನ್ನು ಔಷಧಿ ತೊಟ್ಟಿ ಎನ್ನುತ್ತಾರೆ. ಕಂಬಕ್ಕೆ, ಪಕಾಸಿಗೆ ಗೆದ್ದಲು ಹಿಡಿಯದಿರಲಿ ಎಂದು ಅದ್ದಿ ತೆಗೆಯುತ್ತಿದ್ದದ್ದು ಅಲ್ಲಿ. ಮಳೆಗಾಲದಲ್ಲಿ ಕಂಪೌಂಡಿನ ಉಳಿದ ಕಡೆ ಎದೆಯೆತ್ತರ ಹುಲ್ಲು ಬಂದರೂ ತೊಟ್ಟಿಯ ಸುತ್ತ ಎರಡು ಮಾರು ನೆಲ ಬೋಳಾಗಿಯೇ ಇರುತ್ತದೆ. ಗೋಡೆಯ ಆಚೆ ಇರುವ ಮನೆಯ ಅಜ್ಜಿ ತಮ್ಮ ಬಾವಿ ತೋರಿಸಿ ಹೇಳಿದ್ದು ಒಂದೇ ಮಾತು: ‘ಪಾತ್ರೆ ತೊಳೂಕೆ ಅಷ್ಟೇ, ತಮಾ. ಕುಡೂಕೆ ನಲ್ಲಿ ನೀರೇ.’ ಬಾವಿಯಲ್ಲಿ ಏನೋ ಇದೆ ಎಂದು ಅವರಿಗೆ ಯಾವ ಪ್ರಯೋಗಾಲಯವೂ ಹೇಳಿಲ್ಲ. ರುಚಿ ಸರಿಯಿಲ್ಲ ಎಂದು ಅವರ ಅತ್ತೆಯ ಕಾಲಕ್ಕೇ ಕುಡಿಯುವುದು ಬಿಟ್ಟಿದ್ದಂತೆ.

ಆ ತೊಟ್ಟಿಯಲ್ಲಿ ಯಾವ ಔಷಧಿ ಇತ್ತು ಎಂಬುದಕ್ಕೆ ಕಾಗದ ಸಿಗುವುದಿಲ್ಲ. ಮರಕ್ಕೆ ಹಾಕುತ್ತಿದ್ದದ್ದು ಸಾಮಾನ್ಯವಾಗಿ ಎರಡು ಬಗೆ. ಒಂದು ಕ್ರಿಯೋಸೋಟ್, ಕಲ್ಲಿದ್ದಲ ಟಾರಿನಿಂದ ತೆಗೆದ ಕಪ್ಪು ಎಣ್ಣೆ. ರೈಲ್ವೆ ಸ್ಲೀಪರಿನ ವಾಸನೆ ನೆನಪಿದ್ದವರಿಗೆ ಅದು ಗೊತ್ತು. ಇನ್ನೊಂದು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಉಪ್ಪಿನ ದ್ರಾವಣ, ಮರಕ್ಕೆ ತುಸು ಹಸಿರು ಛಾಯೆ ಕೊಡುವಂಥದ್ದು. ಎರಡರಲ್ಲೂ ಕ್ಯಾನ್ಸರ್ ತರಬಲ್ಲ ವಸ್ತುಗಳಿವೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ.

ಇಲ್ಲಿ ನಮ್ಮ ಮಣ್ಣಿನ ಗುಣವೊಂದನ್ನು ತಿಳಿದಿರಬೇಕು. ಕರಾವಳಿಯ ಕೆಂಪು ಚಿರೇಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಅದು ಆರ್ಸೆನಿಕ್ಕನ್ನು ಅಂಟಿಸಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ಆ ಮಟ್ಟಿಗೆ ನಮಗೆ ಒಂದು ಕಾವಲು ಇದ್ದಂತೆ. ಆದರೆ ಅದೇ ಮಣ್ಣು ವಾರಗಟ್ಟಲೆ ನೀರಿನಡಿ ಕುಳಿತು ಗಾಳಿಯಾಡದಂತಾದರೆ ಕಬ್ಬಿಣದ ಆ ಹಿಡಿತ ಸಡಿಲವಾಗುತ್ತದೆ, ಹಿಡಿದಿದ್ದದ್ದು ನೀರಿಗೆ ಇಳಿಯುತ್ತದೆ. ಹೊಳೆದಂಡೆಯ ತಗ್ಗು ಕಂಪೌಂಡು, ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನ ಮಳೆ, ಮೇಲೆ ಭರತದ (ಸಮುದ್ರದ ಉಬ್ಬರದ) ನೀರು. ಬೇಸಿಗೆಯಲ್ಲಿ ಒಮ್ಮೆ ಮಣ್ಣು ತೆಗೆದು ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟರೆ ನಂಬಬಾರದು ಎನ್ನುವುದು ಇದೇ ಕಾರಣಕ್ಕೆ. ಮಳೆಗೆ ಮುಂಚೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಬೇರೆ ಬೇರೆ ಆಳದಲ್ಲಿ ಮಣ್ಣು ತೆಗೆಯಬೇಕು, ಸುತ್ತಲಿನ ಬಾವಿಗಳ ನೀರನ್ನೂ ಜೊತೆಗೇ ನೋಡಬೇಕು. ಎಲ್ಲಿ ತೆಗೆಯಬೇಕು ಎಂದು ಹೇಳಬಲ್ಲವರು ಹಳೆಯ ಕೆಲಸಗಾರರು. ತೊಟ್ಟಿ ಎಲ್ಲಿತ್ತು, ಡೀಸೆಲ್ ಎಲ್ಲಿ ಇಳಿಸುತ್ತಿದ್ದರು, ಟ್ರಾನ್ಸ್‌ಫಾರ್ಮರ್ ಎಣ್ಣೆ ಎಲ್ಲಿ ಚೆಲ್ಲುತ್ತಿತ್ತು, ಬೂದಿ ಎಲ್ಲಿ ಹೂಳುತ್ತಿದ್ದರು ಎಂಬ ನಕ್ಷೆ ಅವರ ತಲೆಯಲ್ಲಿದೆ. ಅವರೆಲ್ಲ ಎಪ್ಪತ್ತು ದಾಟಿದವರು.

ಎಲ್ಲ ಹಳೆಯ ಕಾರ್ಖಾನೆಯೂ ವಿಷದ ಗುಂಡಿಯಲ್ಲ ಎನ್ನುವುದನ್ನೂ ಹೇಳಬೇಕು. ಹಂಚಿನ ಕಾರ್ಖಾನೆಯ ನೆಲದಲ್ಲಿ ಬಹುಮಟ್ಟಿಗೆ ಸಿಗುವುದು ಒಡೆದ ಹಂಚು, ಬೂದಿ, ಮಸಿ. ಅಲ್ಲಿ ಹೆದರಿಕೆ ಕಡಿಮೆ, ಕೆಲಸ ಬೇಗ ಆಗುತ್ತದೆ. ಅದಕ್ಕೇ ಜಾಗ ಜಾಗಕ್ಕೂ ಬೇರೆ ಪರೀಕ್ಷೆ ಬೇಕು. ಎಲ್ಲದಕ್ಕೂ ಒಂದೇ ಅನುಮಾನ, ಇಲ್ಲವೇ ಎಲ್ಲದಕ್ಕೂ ಒಂದೇ ಅನುಮತಿ, ಎರಡೂ ತಪ್ಪು.

ತಡಮಾಡಿದರೆ ಏನಾಗುತ್ತದೆ ಎನ್ನಲು ಉದಾಹರಣೆಗಳು ಬೇಕಾದಷ್ಟಿವೆ. ಕೊಡೈಕೆನಾಲಿನಲ್ಲಿ ಪಾದರಸದ ಥರ್ಮಾಮೀಟರ್ ಮಾಡುತ್ತಿದ್ದ ಕಾರ್ಖಾನೆಯ ಒಡೆದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಮೇಲೆ, 2001ರಲ್ಲಿ ಅದು ಮುಚ್ಚಿತು. ಮಣ್ಣನ್ನು ಎಷ್ಟರಮಟ್ಟಿಗೆ ಶುದ್ಧಮಾಡಬೇಕು ಎಂಬ ಜಗ್ಗಾಟ ಅಲ್ಲಿಂದ ಮುಂದೆ ಒಂದೂವರೆ ದಶಕಕ್ಕೂ ಹೆಚ್ಚು ನಡೆಯಿತು. ಭೋಪಾಲದಲ್ಲಿ 1984ರ ಅನಿಲ ದುರಂತದ ನಂತರ ಕಾರ್ಖಾನೆಯಲ್ಲೇ ಬಿದ್ದಿದ್ದ 337 ಟನ್ ತ್ಯಾಜ್ಯ ಗೇಟು ದಾಟಿ ಪೀತಂಪುರಕ್ಕೆ ಹೋಗಲು 2025ರ ಜನವರಿ ಬರಬೇಕಾಯಿತು. ನಮ್ಮದೇ ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಗಣಿ ನಿಂತಿತು, ಸೈನೈಡ್ ದಿಬ್ಬಗಳು ಇಂದಿಗೂ ಊರಿನ ನಡುವೆಯೇ ಇವೆ, ಗಾಳಿ ಬೀಸಿದಾಗ ಅದರ ದೂಳು ಮನೆಯೊಳಗೆ ಬರುತ್ತದೆ. ಕೊಡೈಕೆನಾಲಿನ ಗುಜರಿ ಅಂಗಡಿಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಕಾರ್ಖಾನೆ ಮುಚ್ಚಿದಾಗ ಮೊದಲು ಗೇಟು ದಾಟುವುದು ಗುಜರಿ. ತಗಡು, ಡ್ರಮ್ಮು, ಪೈಪು, ಆಸ್ಬೆಸ್ಟಾಸ್ ಶೀಟು. ನಮ್ಮ ಸಾಮಿಲ್ಲಿನ ಔಷಧಿ ಡ್ರಮ್ಮುಗಳು ಈಗ ಯಾರ ಮನೆಯ ಹಿತ್ತಿಲಲ್ಲಿ ನೀರು ತುಂಬಿಸಿಕೊಂಡು ನಿಂತಿವೆಯೋ.

ಕಾನೂನಿನ ಕಡೆಯಿಂದ ಈಗ ಒಂದು ಹೊಸ ಆಸರೆ ಸಿಕ್ಕಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿತು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ತನ್ನ ವ್ಯಾಪ್ತಿಯ ಶಂಕಿತ ಸ್ಥಳಗಳ ಪಟ್ಟಿ ಮಾಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ನಂತರ ವಿವರವಾದ ಸಮೀಕ್ಷೆ. ಮಲಿನ ಮಾಡಿದವರು ಯಾರು ಎಂದು ಗೊತ್ತುಮಾಡಿ ಶುದ್ಧೀಕರಣದ ಖರ್ಚು ಅವರಿಂದಲೇ ವಸೂಲು ಮಾಡಬೇಕು. ಅವರಿಗೆ ಕೊಡಲಾಗದಿದ್ದರೆ ಕೇಂದ್ರ ಮತ್ತು ರಾಜ್ಯ ಸೇರಿ ಭರಿಸಬೇಕು. ದೇಶದಲ್ಲಿ ಗುರುತಿಸಿದ 103 ಕಲುಷಿತ ಸ್ಥಳಗಳ ಪೈಕಿ ಶುದ್ಧೀಕರಣ ಶುರುವಾದದ್ದು ಏಳರಲ್ಲಿ ಮಾತ್ರ ಎಂಬುದು ಆ ಹೊತ್ತಿಗೆ ಕೇಂದ್ರವೇ ಕೊಟ್ಟ ಲೆಕ್ಕ. ನಿಯಮ ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಆದರೆ ಪಟ್ಟಿ ಶುರುವಾಗುವುದು ಜಿಲ್ಲೆಯಿಂದ. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ನಗರಸಭೆ, ಪುರಸಭೆಗಳು ಒಂದು ಪತ್ರ ಬರೆದು ತಮ್ಮ ಊರಿನ ಹಳೆಯ ಕಂಪೌಂಡುಗಳ ಹೆಸರು ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ಮಾಲೀಕತ್ವ. ಪಹಣಿಯಲ್ಲಿ ಬಿನ್‌ಶೇತ್ಕಿ (ಕೃಷಿಯೇತರ) ಎಂದು ಬರೆದಿದ್ದ ಮಾತ್ರಕ್ಕೆ ಜಾಗ ಪೂರ್ತಿ ಖಾಸಗಿ ಎಂದಲ್ಲ. ಸರ್ಕಾರ ಇಂತಿಂಥ ಉದ್ದೇಶಕ್ಕೆಂದು ಲೀಸಿಗೆ ಕೊಟ್ಟದ್ದಿರಬಹುದು, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿಯ ಷರತ್ತು ಇರಬಹುದು, ಬ್ಯಾಂಕಿನ ಅಡಮಾನ ಇರಬಹುದು. ಉದ್ದೇಶವೇ ಮುಗಿದ ಮೇಲೆ ಲೀಸು ಉಳಿಯುತ್ತದೆಯೇ ಎಂದು ಕೇಳುವ ಹಕ್ಕು ಊರಿಗಿದೆ. ಕೆಲಸಗಾರರ ಬಾಕಿಯೂ ಇದೇ ನೆಲದ ಮೇಲಿನ ಋಣ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಆಸ್ತಿ ಮಾರಿದ ಹಣದಲ್ಲಿ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಹಿಡಿದು ಸಾಲ ಕೊಟ್ಟವರ ಜೊತೆ ಸಮಾನ ಸ್ಥಾನವನ್ನು 2016ರ ದಿವಾಳಿ ಸಂಹಿತೆ ಕೊಟ್ಟಿದೆ. ಹಳೆಯ ಕೆಲಸಗಾರರಲ್ಲಿ ಇದನ್ನು ತಿಳಿದವರು ನನಗೆ ಒಬ್ಬರೂ ಸಿಗಲಿಲ್ಲ.

ಮುಂಬೈ ಗಿರಣಿಗಳ ವಿಷಯ ಇಲ್ಲಿ ಹೇಳಲೇಬೇಕು, ನಮ್ಮ ಜಿಲ್ಲೆಗೆ ಆ ನಗರ ಯಾವತ್ತೂ ಬೆಂಗಳೂರಿಗಿಂತ ಹತ್ತಿರದ್ದಾಗಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದ ನಂತರ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವು. ನಗರದ ನಟ್ಟನಡುವೆ 58 ಗಿರಣಿಗಳ ಸುಮಾರು 600 ಎಕರೆ ನೆಲ. 1991ರ ನಿಯಮ ಅದನ್ನು ಮೂರು ಪಾಲು ಮಾಡಿತು: ಒಂದು ಪಾಲು ನಗರಕ್ಕೆ ಮೈದಾನ, ಉದ್ಯಾನಕ್ಕೆ, ಇನ್ನೊಂದು ಕಡಿಮೆ ದರದ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ಹಂಚಿಕೆ ಇಡೀ ಜಮೀನಿಗೆ ಅಲ್ಲ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. ಗಿರಣಿಯ ನೆಲದ ತುಂಬ ಶೆಡ್ಡುಗಳೇ ಇದ್ದವಲ್ಲ, ಊರಿನ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೂರಾರು ಎಕರೆಯ ಹಣೆಬರಹ ತಿದ್ದಿದ್ದು ಕಡತದಲ್ಲಿ ಬದಲಾದ ಕೆಲವೇ ಪದಗಳು.

ನಮ್ಮಲ್ಲಿ ಅಂಥ ಪದ ಬದಲಾಗುವ ಜಾಗ ಯಾವುದು? ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಂ. ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೈಗಾರಿಕೆ ಎಂದು ಬಣ್ಣ ಹಚ್ಚಿದ ಜಾಗವನ್ನು ವಾಣಿಜ್ಯ ಅಥವಾ ವಸತಿ ಎಂದು ಬದಲಿಸಬೇಕಾದರೆ ಈ ಕಲಮಿನಡಿ ಅರ್ಜಿ ಹಾಕಬೇಕು. ಆ ಬದಲಾವಣೆಯ ಆದೇಶ ಬಂದ ದಿನ ನೆಲದ ಬೆಲೆ ಏರುತ್ತದೆ. ಮಾಲೀಕರು ಅದಕ್ಕಾಗಿ ಒಂದು ಕಲ್ಲನ್ನೂ ಇಟ್ಟಿರುವುದಿಲ್ಲ, ಏರಿಸಿದ್ದು ಸಾರ್ವಜನಿಕರ ಒಂದು ಸಹಿ. ಹಾಗಾಗಿ ಷರತ್ತು ಹಾಕುವುದಾದರೆ ಆ ಹೊತ್ತಿನಲ್ಲೇ ಹಾಕಬೇಕು: ಮಣ್ಣಿನ ಪರೀಕ್ಷೆಯ ವರದಿ ಪ್ರಕಟಿಸಿ, ಶುದ್ಧಮಾಡಿ, ಹಳ್ಳಕ್ಕೆ ಜಾಗ ಬಿಡಿ, ಊರಿಗೆ ಇಷ್ಟು ಪಾಲು ಕೊಡಿ. ಆದೇಶ ಹೊರಬಿದ್ದ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಕರಾವಳಿಯಲ್ಲಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಳೆಯ ಕಾರ್ಖಾನೆಗಳು ಹೊಳೆದಂಡೆಗೆ ಬಂದದ್ದು ದೋಣಿಗೆ, ದಿಮ್ಮಿ ತೇಲಿಸುವುದಕ್ಕೆ, ಆವೆಮಣ್ಣಿಗೆ. ಅಂದರೆ ಅವು ಇರುವುದು ಊರಿನ ಅತಿ ತಗ್ಗಿನಲ್ಲಿ. ಮಳೆ ಜೋರಾಗಿ, ಅದೇ ಹೊತ್ತಿಗೆ ಭರತವೂ ಬಂದರೆ ಹಳ್ಳದ ನೀರು ಹೊಳೆಗೆ ಇಳಿಯಲಾರದೆ ಹಿಂದಕ್ಕೆ ತಳ್ಳುತ್ತದೆ. ನಮ್ಮ ಪೇಟೆಯಲ್ಲಿ ಆ ನೀರು ಮೂರು ನಾಲ್ಕು ತಾಸು ನಿಲ್ಲುವುದು ಸಾಮಿಲ್ಲಿನ ಕಂಪೌಂಡಿನಲ್ಲಿ. ಇಳಿತ ಶುರುವಾದ ಮೇಲೆ ಗೋಡೆಯ ಬುಡದ ಕಂಡಿಯಿಂದ ಮೆಲ್ಲಗೆ ಹೊರಗೆ ಹೋಗುತ್ತದೆ. ಹೊಸ ಕಟ್ಟಡ ಬಂದರೆ ಮೊದಲ ಕೆಲಸ ಏನು? ಇನ್ನೂರು ಮುನ್ನೂರು ಟಿಪ್ಪರ್ ಕೆಂಪು ಮಣ್ಣು ತಂದು ರಸ್ತೆಗಿಂತ ಎರಡಡಿ ಎತ್ತರಿಸುವುದು. ಆಗ ಆ ಮೂರು ತಾಸಿನ ನೀರು ಅಜ್ಜಿಯ ಅಂಗಳಕ್ಕೆ, ಆಮೇಲೆ ಅಡುಗೆಮನೆಗೆ. ಮಣ್ಣು ಬರುವುದೂ ಇನ್ನೊಂದು ಗುಡ್ಡದಿಂದಲೇ. ನೀರು ಹೋಗುವ ದಾರಿ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಕಾರವಾರದ ಚೆಂಡಿಯಾ, ಅರಗಾ ಕಡೆಯವರನ್ನು ಜುಲೈನಲ್ಲಿ ಕೇಳಿ ನೋಡಿ.

ಕರಾವಳಿ ನಿಯಂತ್ರಣ ವಲಯದ ನಿಯಮ ಇದನ್ನು ತಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಭರತದ ನೀರು ಬರುವ ಹೊಳೆಯ ಪಕ್ಕ ಮೊದಲು 100 ಮೀಟರ್ ಇದ್ದ ವಲಯವನ್ನು 2019ರ ಅಧಿಸೂಚನೆ 50 ಮೀಟರಿಗೆ, ಇಲ್ಲವೇ ಹೊಳೆಯ ಅಗಲಕ್ಕೆ, ಯಾವುದು ಕಡಿಮೆಯೋ ಅದಕ್ಕೆ ಇಳಿಸಿದೆ. ನಮ್ಮ ಕಂಪೌಂಡಿನ ಬಹುಭಾಗ ಆ ಗೆರೆಯ ಹೊರಗೆ ಉಳಿಯುತ್ತದೆ.

ಎಲ್ಲ ಸರಿಯಾದರೆ ಅಲ್ಲಿ ಏನು ಬರಲಿ ಎಂದು ಕೇಳಿದರೆ ನನ್ನ ಉತ್ತರ ದೊಡ್ಡದೇನಲ್ಲ. ತಗ್ಗಿನ ಅರ್ಧ ನೀರಿಗೇ ಇರಲಿ. ಮಳೆಗಾಲದಲ್ಲಿ ಕೆರೆಯಾಗಿ, ಬೇಸಿಗೆಯಲ್ಲಿ ಮಕ್ಕಳ ಮೈದಾನವಾಗಿ. ಶೆಡ್ಡುಗಳ ಮರದ ಜಂತಿಗಳು ಇನ್ನೂ ಗಟ್ಟಿ ಇವೆ, ಅವನ್ನು ಕೆಡವಬೇಡಿ. ಮೇಲೆ ಹೊಸ ಹಂಚು ಹಾಕಿ ಸಂತೆಗೆ ಬಿಟ್ಟುಕೊಡಿ. ಹೆದ್ದಾರಿ ಬದಿಯಲ್ಲಿ ಲಾರಿಗಳ ಗಾಳಿಗೆ ಬುಟ್ಟಿ ಹಿಡಿದು ಕೂರುವ ಮೀನಿನ ಹೆಂಗಸರಿಗೆ, ಕರಿ ಈಶಾಡು ಮಾವು ತರುವ ಅಂಕೋಲೆಯ ಹಾಲಕ್ಕಿ ಹೆಂಗಸರಿಗೆ ನೆರಳು, ನಲ್ಲಿ, ಶೌಚಾಲಯ ಇರುವ ಒಂದು ಜಾಗ ಆಗಲಿ. ಎತ್ತರದ ಕಡೆ ಬಾಡಿಗೆ ಮನೆಗಳು ಬರಲಿ. ಆಸ್ಪತ್ರೆಯ ಆಸೆ ನನಗೂ ಇದೆ. 2022ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಇನ್ನೊಂದು ಶಿರೂರಿನ ಟೋಲ್‌ಗೇಟಿನಲ್ಲಿ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತ ಮೇಲೆ ಇಡೀ ಜಿಲ್ಲೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಕೂಗಿತು, ಇಂದಿಗೂ ನಾವು ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಎಂದು ಓಡುತ್ತಿದ್ದೇವೆ. ಆದರೆ ನೆರೆ ನಿಲ್ಲುವ, ಪರೀಕ್ಷೆಯಾಗದ ನೆಲದಲ್ಲಿ ಆಸ್ಪತ್ರೆ ಬೇಡ. ಅದು ಕಾಯಿಲೆಯವರ ಮನೆ.

ಕಳೆದ ವಾರ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಪ್ರಕಟಣೆ ಬಂದಿದೆ. ಸರ್ವೆ ನಂಬರು, ವಿಸ್ತೀರ್ಣ, ಕೈಗಾರಿಕೆಯಿಂದ ವಾಣಿಜ್ಯಕ್ಕೆ ಭೂಬಳಕೆ ಬದಲಾವಣೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸತಕ್ಕದ್ದು. ಊರಿನ ಹೆಸರು ಸಣ್ಣ ಅಕ್ಷರದಲ್ಲಿದೆ, ಸಾಮಿಲ್ಲು ಎಂಬ ಪದವೇ ಇಲ್ಲ. ನಾನು ಅದರ ಜೆರಾಕ್ಸ್ ತೆಗೆಸಿಕೊಂಡು ಅಜ್ಜಿಯ ಮನೆಗೆ ಹೋದೆ. ಆಕ್ಷೇಪಣೆಯಲ್ಲಿ ಅವರ ಬಾವಿಯ ವಿಷಯ ಬರೆದಿದ್ದೇವೆ, ಮಳೆಗೆ ಮುಂಚೆ ಒಮ್ಮೆ, ಮಳೆಯಲ್ಲಿ ಒಮ್ಮೆ ನೀರು ಪರೀಕ್ಷಿಸಿ ವರದಿ ಕೊಟ್ಟ ಮೇಲಷ್ಟೇ ಅರ್ಜಿ ಕೈಗೆತ್ತಿಕೊಳ್ಳಿ ಎಂದು ಕೇಳಿದ್ದೇವೆ. ಕೆಳಗೆ ಕೇರಿಯ ಹನ್ನೊಂದು ಮನೆಗಳ ಸಹಿ ಇದೆ. ಸೋಮವಾರ ಕಾರವಾರಕ್ಕೆ ಒಯ್ದು ಕೊಟ್ಟು ಪೋಚ್ (ಸ್ವೀಕೃತಿ) ಪಡೆಯಬೇಕು.